ಸುಮ್ಮನಿರುವುದು, ಸಮಾಧಾನವಾಗುವುದು

ನೋವಿನಲ್ಲಿರುವವರ ಪಕ್ಕ ಕೂತು ನಾವು ಆಡುವ ಮಾತುಗಳನ್ನು ನೆನಪಿಸಿಕೊಳ್ಳಿ. ‘ಇನ್ನೆರಡು ದಿನ ಅಷ್ಟೆ’, ‘ಶುಕ್ರವಾರ ಹೊಲಿಗೆ ಬಿಚ್ತಾರಂತೆ’, ‘ಹಬ್ಬದ ಹೊತ್ತಿಗೆ ಎದ್ದು ಓಡಾಡ್ತೀರಿ ನೋಡಿ’. ಎಲ್ಲವೂ ಮುಂದಿನ ದಿನಗಳ ಮಾತುಗಳೇ. ಆಗುತ್ತಿರುವ ನೋವನ್ನು ಮಾತು ಕಡಿಮೆ ಮಾಡಲಾರದು. ಆದರೆ ಇದಕ್ಕೊಂದು ಕಾರಣವಿದೆ, ಒಂದು ಕೊನೆಯಿದೆ ಎಂದು ಹೇಳಿ ಅದನ್ನು ಹೊರಬಹುದಾದಷ್ಟು ಚಿಕ್ಕದು ಮಾಡುತ್ತದೆ. ಸಾಂತ್ವನಕ್ಕೆ ಭವಿಷ್ಯತ್ಕಾಲ ಬೇಕು.

ಹೊಟ್ಟೆ ಕೊಯ್ಸಿಕೊಂಡು ಮನೆಗೆ ಬಂದ ನಾಯಿಯ ಹತ್ತಿರ ಈ ಭವಿಷ್ಯತ್ಕಾಲ ನಡೆಯುವುದಿಲ್ಲ. ಯಜಮಾನ ಹೊಡೆಯುತ್ತಾನೆಂದು ನಾಯಿ ಹೆದರಿದೆ ಎನ್ನಬಹುದು, ಆದರೆ ‘ನಾಳೆ’ ಹೊಡೆಯುತ್ತಾನೆಂದು ಹೆದರಿದೆ ಎನ್ನಲು ಆಗುವುದಿಲ್ಲ ಎಂಬರ್ಥದ ಮಾತೊಂದು ವಿಟ್‌ಗೆನ್‌ಸ್ಟೈನ್‌ನ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’ನಲ್ಲಿ ಬರುತ್ತದೆ. ಓದುವಾಗ ಇದು ಭಾಷೆಯ ಬಗೆಗಿನ ಸೂಕ್ಷ್ಮವಾಗಿ ಕಾಣುತ್ತದೆ. ನರಳುವ ನಾಯಿಯ ಪಕ್ಕ ಕೂತಾಗ ಅದರ ಇನ್ನೊಂದು ಮಗ್ಗುಲು ಕಾಣುತ್ತದೆ: ನಾಳೆಗೆ ಹೆದರಲಾರದ್ದು ನಾಳೆಯನ್ನು ನೆಚ್ಚಿಕೊಂಡು ಇರಲೂ ಆರದು. ಯಾಕೆ ಕೊಯ್ದರು, ಎಷ್ಟು ದಿನ ಹೀಗೆ ಎಂಬುದನ್ನು ಅದಕ್ಕೆ ತಿಳಿಸುವ ದಾರಿಯೇ ಇಲ್ಲ. ಅದರ ಕಡೆಯಿಂದ ನೋಡಿದರೆ, ನಂಬಿದ ಜನ ಕಾರಿನಲ್ಲಿ ಕೂರಿಸಿಕೊಂಡು ಹೋದರು, ಈಗ ಹೊಟ್ಟೆ ಉರಿಯುತ್ತಿದೆ, ಅಷ್ಟೆ. ಮಾತಿನೊಳಗಿನ ಅರ್ಥವೆಲ್ಲ ಹೀಗೆ ಸೋರಿಹೋದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಬರೀ ದನಿ. ಆ ದನಿಯಿಂದ ನಾವು ಮಾಡುವುದೇನು, ಸಮಾಧಾನವನ್ನೋ ಅಥವಾ ಬಾಯಿ ಮುಚ್ಚಿಸುವುದನ್ನೋ?

ಕನ್ನಡದಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಅಳುವ ಮಗುವನ್ನು ಎತ್ತಿಕೊಂಡು ‘ಸುಮ್ನಿರು ಕಂದ’ ಅನ್ನುತ್ತೇವೆ. ಅದು ಮುದ್ದೂ ಹೌದು, ಆಜ್ಞೆಯೂ ಹೌದು. ‘ಸಮಾಧಾನ’ ಬೇರೆ ಮನೆತನದ ಶಬ್ದ. ಶಾಸ್ತ್ರಚರ್ಚೆಯಲ್ಲಿ ಆಕ್ಷೇಪ ಎತ್ತಿದವನಿಗೆ ಕೊಡುವ ಉತ್ತರಕ್ಕೆ ಸಮಾಧಾನ ಎನ್ನುತ್ತಾರೆ. ಅಂದರೆ ಸಮಾಧಾನ ಮಾಡುವವನು ಎದುರಿನವರ ದೂರನ್ನು ಮೊದಲು ಕೇಳಿಸಿಕೊಂಡಿರಬೇಕು. ಸುಮ್ಮನಾಗಿಸುವವನಿಗೆ ಆ ಹಂಗಿಲ್ಲ.

ಇದೆಲ್ಲ ನನ್ನ ತಲೆಗೆ ಬಂದದ್ದು ಹೋದ ದೀಪಾವಳಿಯ ವಾರ. ಮೈಸೂರಿನ ಸರಸ್ವತಿಪುರಂನಲ್ಲಿ ನಾನಿರುವ ಬಾಡಿಗೆ ರೂಮಿನ ಕೆಳಗೆ ಮನೆಯೊಡೆಯರು ಇರುತ್ತಾರೆ. ನಿವೃತ್ತ ಹೈಸ್ಕೂಲು ಮೇಷ್ಟ್ರು, ಅವರ ಹೆಂಡತಿ, ಮತ್ತು ಒಂಬತ್ತು ವರ್ಷದ ನಾಟಿ ಹೆಣ್ಣುನಾಯಿ ಚುಕ್ಕಿ. ಚುಕ್ಕಿಯ ಗರ್ಭಕೋಶದಲ್ಲಿ ಕೀವು ತುಂಬಿಕೊಂಡಿತ್ತು. ವೈದ್ಯರ ಭಾಷೆಯಲ್ಲಿ ಪಯೋಮೆಟ್ರಾ. ಸಂತಾನಹರಣ ಮಾಡಿಸದ, ವಯಸ್ಸಾದ ಹೆಣ್ಣುನಾಯಿಗಳಲ್ಲಿ ಇದು ಅಪರೂಪವೇನಲ್ಲ. ತಡಮಾಡಿದರೆ ನಂಜು ರಕ್ತಕ್ಕೆ ಸೇರಿ ಪ್ರಾಣ ಹೋಗುತ್ತದೆ. ಗರ್ಭಕೋಶವನ್ನೇ ತೆಗೆದರು. ಚುಕ್ಕಿ ಮನೆಗೆ ಬಂದಾಗ ಕೊರಳಿಗೆ ಪ್ಲಾಸ್ಟಿಕ್ ಕೋನ್, ಹೊಟ್ಟೆಯ ಮೇಲೆ ಗೇಣುದ್ದದ ಹೊಲಿಗೆ, ಬೀದಿಯಲ್ಲಿ ಆಗಲೇ ಸರಪಟಾಕಿ.

ಮೊದಲ ರಾತ್ರಿ ಅದು ಮಲಗಲಿಲ್ಲ. ನರಳುತ್ತಿತ್ತು, ನಿಂತು ನಡುಗುತ್ತಿತ್ತು, ಕೋನನ್ನು ಬಾಗಿಲ ಚೌಕಟ್ಟಿಗೆ ಗುದ್ದಿಸಿಕೊಂಡು ಇನ್ನಷ್ಟು ಗಾಬರಿಯಾಗುತ್ತಿತ್ತು. ಡಾಕ್ಟರು ಫೋನಿನಲ್ಲಿ, ‘ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಕೊಡಿ, ಕಿಟಕಿ ಹಾಕಿ, ಫ್ಯಾನೋ ರೇಡಿಯೋನೋ ಏನಾದ್ರೂ ಒಂದೇ ಸಮನೆ ಸಣ್ಣಗೆ ಸದ್ದು ಬರೋ ಹಾಗೆ ಇಡಿ’ ಎಂದರು. ಪಕ್ಕದ ಮನೆಯವರ ಸಲಹೆ ಬೇರೆ: ‘ಜೋರಾಗಿ ನಿದ್ದೆ ಬರೋ ಮಾತ್ರೆ ಕೊಟ್ಟುಬಿಡಿ ಮೇಷ್ಟ್ರೇ, ನಿಮಗೂ ನೆಮ್ಮದಿ, ಅದಕ್ಕೂ ನೆಮ್ಮದಿ.’

ಆ ಎರಡು ನೆಮ್ಮದಿಗಳು ಒಂದೇ ಅಲ್ಲ ಎನ್ನುವುದಕ್ಕೆ ಔಷಧಿಗಳ ಚರಿತ್ರೆಯಲ್ಲೇ ಸಾಕ್ಷಿಯಿದೆ. ಪಟಾಕಿಗೆ, ಗುಡುಗಿಗೆ ಹೆದರುವ ನಾಯಿಗಳಿಗೆ ಬಹಳ ವರ್ಷ ಅಸೆಪ್ರೊಮಜಿನ್ ಎಂಬ ಔಷಧಿ ಕೊಡುತ್ತಿದ್ದರು. ಕೊಟ್ಟರೆ ನಾಯಿ ಓಡುವುದಿಲ್ಲ, ಬೊಗಳುವುದಿಲ್ಲ, ಮೂಲೆಯಲ್ಲಿ ಬಿದ್ದಿರುತ್ತದೆ. ಮನೆಯವರಿಗೆ ಸಮಾಧಾನ. ಆದರೆ ಆ ಔಷಧಿ ಭಯವನ್ನು ತೆಗೆಯುವುದಿಲ್ಲ, ಭಯವನ್ನು ತೋರಿಸುವ ಮೈಯ ಕಸುವನ್ನು ತೆಗೆಯುತ್ತದೆ. ಹಾಗಾಗಿ ಸದ್ದಿನ ಭಯಕ್ಕೆ ಅದೊಂದನ್ನೇ ಕೊಡಬಾರದೆಂದು ಪಶುವೈದ್ಯರು ಈಗ ಎಚ್ಚರಿಸುತ್ತಾರೆ.

ಇದರ ಹಿಂದೆ ಇನ್ನೂ ಕಠೋರವಾದ ಪೂರ್ವಕತೆಯೊಂದಿದೆ. 19ನೇ ಶತಮಾನದ ಫ್ರಾನ್ಸಿನಲ್ಲಿ ಶರೀರಕ್ರಿಯಾ ವಿಜ್ಞಾನಿ ಕ್ಲೋಡ್ ಬರ್ನಾರ್ಡ್, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುತ್ತಿದ್ದ ಕ್ಯುರಾರೆ ವಿಷವನ್ನು ಅಧ್ಯಯನ ಮಾಡಿದ. ಅದು ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ, ಸಂವೇದನೆಯನ್ನು ಮುಟ್ಟುವುದಿಲ್ಲ ಎಂದು ತೋರಿಸಿಕೊಟ್ಟವನೇ ಅವನು. ಅಂದರೆ ಕ್ಯುರಾರೆ ಕೊಟ್ಟ ಪ್ರಾಣಿ ಪ್ರಯೋಗದ ಮೇಜಿನ ಮೇಲೆ ಕದಲುವುದಿಲ್ಲ, ಕಿರುಚುವುದಿಲ್ಲ, ಎಲ್ಲವನ್ನೂ ಅನುಭವಿಸುತ್ತಿರುತ್ತದೆ. 1876ರಲ್ಲಿ ಬ್ರಿಟನ್ನಿನಲ್ಲಿ ಪ್ರಾಣಿಪ್ರಯೋಗಗಳ ಕಾಯ್ದೆ ಬಂದಾಗ, ಕ್ಯುರಾರೆಯನ್ನು ಅರಿವಳಿಕೆ ಎಂದು ಪರಿಗಣಿಸತಕ್ಕದ್ದಲ್ಲ ಎಂದು ಅದರಲ್ಲೇ ಬರೆಯಬೇಕಾಯಿತು. ಮೌನ ಬೇರೆ, ನೋವಿಲ್ಲದಿರುವುದು ಬೇರೆ ಎಂಬುದನ್ನು ಕಾನೂನು ಮಾಡಿ ಹೇಳಬೇಕಾಗಿ ಬಂತು!

ಈಗ ಪಶುವೈದ್ಯರ ಬಳಿ ಇದಕ್ಕಿಂತ ನಯವಾದ ಸಾಧನವಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಶಸ್ತ್ರಚಿಕಿತ್ಸೆಯಾದ ನಾಯಿಯ ನೋವನ್ನು ಅಂಕಗಳಲ್ಲಿ ಅಳೆಯುವ ಒಂದು ಹಾಳೆ. ಮೊದಲ ಸಾಲಿನಲ್ಲಿ ದನಿಯ ಬಗ್ಗೆ ಕೇಳುತ್ತದೆ. ಸದ್ದಿಲ್ಲದೆ ಇದ್ದರೆ ಸೊನ್ನೆ, ಅಳುತ್ತಿದ್ದರೆ ಒಂದು, ನರಳಿದರೆ ಎರಡು, ಕಿರುಚಿದರೆ ಮೂರು. ಇಷ್ಟೇ ಆಗಿದ್ದರೆ ಸುಮ್ಮನಿರುವ ನಾಯಿ ಸುಖವಾಗಿದೆ ಎಂದಾಗುತ್ತಿತ್ತು. ಕೆಳಗೆ ಇನ್ನೊಂದು ಸಾಲಿದೆ, ನಾಯಿಯ ಒಟ್ಟು ಚಹರೆಯ ಬಗ್ಗೆ. ಅಲ್ಲಿ ಗಾಬರಿಯಾದ ನಾಯಿಗೆ ಮೂರು ಅಂಕ. ಮಂಕಾಗಿ, ಕರೆದರೂ ಮುಟ್ಟಿದರೂ ಓಗೊಡದೆ ಬಿದ್ದಿರುವ ನಾಯಿಗೆ ನಾಲ್ಕು, ಆ ಸಾಲಿನ ಅತಿ ಹೆಚ್ಚು ಅಂಕ. ಒಂದೇ ಮೌನ ಒಂದು ಸಾಲಿನಲ್ಲಿ ಸೊನ್ನೆ, ಇನ್ನೊಂದರಲ್ಲಿ ನಾಲ್ಕು. ನಾನು ಓದಬೇಕಾದ ತತ್ವಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ಅಡಕವಾಗಿ ವಿಷಯ ಹೇಳಿದವು ಕಡಿಮೆ.

ಹಾಗಾಗಿ ಸಂಗೀತ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ರಾಗ’ ಎಂಬುದಲ್ಲ, ‘ನೋವಿನ ಔಷಧಿ ಹೋಗಿದೆಯೇ’ ಎಂಬುದು. ನರಳಿಕೆ ಒಂದು ಆಕ್ಷೇಪ. ಅದಕ್ಕೆ ಉತ್ತರ ಔಷಧಿಯಲ್ಲಿ ಇರುವಾಗ ಹಾಡು ಹಾಕಿ ಕೂತರೆ ಅದು ಸುಮ್ಮನಾಗಿಸುವ ಕೆಲಸ. ಔಷಧಿ ಕೊಟ್ಟಾದ ಮೇಲೂ ಉಳಿಯುವ ಗಾಬರಿ ಇರುತ್ತದಲ್ಲ, ಅರಿವಳಿಕೆಯ ಅಮಲು ಇಳಿಯುವಾಗಿನ ಗೊಂದಲ, ಕೋನಿನೊಳಗೆ ಬದಲಾದ ಲೋಕ, ಹೊರಗಿನ ಪಟಾಕಿ, ದನಿಗೆ ಕೆಲಸವಿರುವುದು ಅಲ್ಲಿ.

ಮೇಷ್ಟ್ರು ಹಾಕಿದ್ದು ನೀಲಾಂಬರಿ. ಲಾಲಿಹಾಡುಗಳ ರಾಗ, ಕೇಳಿದರೆ ನಿದ್ದೆ ಬರುತ್ತದೆಂದು ಪ್ರತೀತಿ. ಆಲಾಪನೆ ಮುಗಿಯುವವರೆಗೆ ಚುಕ್ಕಿ ನಿಜಕ್ಕೂ ತಲೆ ನೆಲಕ್ಕಿಟ್ಟಿತ್ತು. ಮೃದಂಗ ಶುರುವಾದದ್ದೇ ಎದ್ದು ನಿಂತಿತು. ‘ತಾಳಜ್ಞಾನ ಇದೆ’ ಎಂದು ಮೇಷ್ಟ್ರು ನಕ್ಕರು. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ನಲ್ಲಿ ನಿಂತುಬಿಡುತ್ತದೆ, ನಾಯಿಯದು 40,000 ದಾಟುತ್ತದೆ. ತೇಜಸ್ವಿಯವರ ಬರಹಗಳಲ್ಲಿ ಬರುವ ನಾಯಿಯ ಹೆಸರೇ ‘ಕಿವಿ’ ಎಂಬುದು ಆಗ ನೆನಪಾಯಿತು. ನಮಗೆ ಇಂಪಾದದ್ದು ಅದಕ್ಕೂ ಇಂಪಾಗಿರಬೇಕೆಂದು ಯಾವ ಕರಾರೂ ಆಗಿಲ್ಲ.

ಈ ಕುರಿತು ನಡೆದ ಅಧ್ಯಯನಗಳು ಹೇಳುವುದೂ ವಿನಯದ ಮಾತನ್ನೇ. 2002ರಲ್ಲಿ ಬೆಲ್‌ಫಾಸ್ಟಿನ ಸಂಶೋಧಕರು ಆಶ್ರಯಧಾಮವೊಂದರ ನಾಯಿಗಳಿಗೆ ಬಗೆಬಗೆಯ ಸದ್ದು ಕೇಳಿಸಿದಾಗ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಅವು ಹೆಚ್ಚು ಹೊತ್ತು ಮಲಗಿದವು, ಹೆವಿ ಮೆಟಲ್‌ಗೆ ಹೆಚ್ಚು ಬೊಗಳಿದವು. ಇದನ್ನು ಓದಿ ಮೊಜಾರ್ಟ್ ಭಕ್ತರು ಬೀಗುವಷ್ಟರಲ್ಲಿ ಗ್ಲಾಸ್ಗೋದ ಇನ್ನೊಂದು ತಂಡ, ಅದೇ ಸಂಗೀತವನ್ನು ದಿನವೂ ಹಾಕಿದರೆ ನಾಯಿಗಳು ಬೇಗನೆ ಒಗ್ಗಿಹೋಗುತ್ತವೆ, ಪರಿಣಾಮ ಇಳಿಯುತ್ತದೆ ಎಂದು ಕಂಡುಕೊಂಡಿತು. ಮುಂದೆ ಅವರೇ ಬೇರೆ ಬೇರೆ ಪ್ರಕಾರಗಳನ್ನು ಹೋಲಿಸಿದಾಗ ರೆಗ್ಗೆ ಮತ್ತು ಸಾಫ್ಟ್ ರಾಕ್ ಮುಂದಿದ್ದವು. 2016ರ ಅಧ್ಯಯನವೊಂದರಲ್ಲಿ ಸಂಗೀತಕ್ಕಿಂತಲೂ ಓದಿ ಹೇಳಿದ ಪುಸ್ತಕದ ದನಿಗೆ ನಾಯಿಗಳು ಹೆಚ್ಚು ವಿಶ್ರಾಂತಿ ಪಡೆದವು. ಪೋರ್ಚುಗಲ್ಲಿನ ಲಿಸ್ಬನ್‌ನ ಪಶುವೈದ್ಯರು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ಬೆಕ್ಕುಗಳ ಕಿವಿಗೆ ಹೆಡ್‌ಫೋನ್ ಇಟ್ಟು ನೋಡಿದರು. ಪೂರ್ತಿ ಅರಿವಳಿಕೆಯಲ್ಲಿದ್ದರೂ ಶಾಸ್ತ್ರೀಯ ಸಂಗೀತಕ್ಕೆ ಅವುಗಳ ಉಸಿರು ನಿಧಾನವಾಯಿತು, ಅಬ್ಬರದ ರಾಕ್‌ಗೆ ಏರಿತು.

ಕೊನೆಯದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಕೇಳುವವರು ಯಾರೂ ಇಲ್ಲದ ಕಡೆಯೂ ಕೇಳುವಿಕೆ ನಡೆದಿದೆ. ಸಂಗೀತ ಅಲ್ಲಿ ಮನಸ್ಸಿಗೆ ಹೇಳಿದ ಮಾತಲ್ಲ, ಮೈಗೆ ಕೊಟ್ಟ ಮದ್ದು. ಮದ್ದು ಎಂದ ಮೇಲೆ ಮದ್ದಿನ ನೀತಿಯೂ ಅನ್ವಯಿಸಬೇಕು: ಎಷ್ಟು, ಯಾವಾಗ, ಬೇಡವೆಂದರೆ ಏನು. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೊರಳಿಗೆ ಕೋನ್ ಹಾಕಿಸಿಕೊಂಡಿರುವ ನಾಯಿಗೆ ಹತ್ತು ಗಂಟೆ ಉದ್ದದ ‘ಶಾಂತಿ ಸಂಗೀತ’ವನ್ನು ಹಾಕಿ ಹೊರಟರೆ, ಅದಕ್ಕೆ ಅದು ಬೇಕೋ ಬೇಡವೋ ಎಂದು ತೋರಿಸುವ ಅವಕಾಶವೇ ಇರುವುದಿಲ್ಲ. ಮೆಲ್ಲನೆಯ ಸದ್ದು, ತೆರೆದ ಬಾಗಿಲು, ಎದ್ದು ಪಕ್ಕದ ಕೋಣೆಗೆ ಹೋಗುವಷ್ಟು ಜಾಗ ಇದ್ದರೆ ನಾಯಿ ತನ್ನ ಅಭಿಪ್ರಾಯ ಹೇಳುತ್ತದೆ. ಒಪ್ಪಿಗೆ ಪಡೆಯದೆ ಹೊಟ್ಟೆ ಕೊಯ್ದಾಗಿದೆ, ಅದಕ್ಕೆ ಬೇರೆ ದಾರಿಯಿರಲಿಲ್ಲ. ಹಾಡಿನ ವಿಷಯದಲ್ಲಾದರೂ ಅದರ ಒಪ್ಪಿಗೆ ಕೇಳಬಹುದು.

ಮೂರನೆಯ ದಿನ ಬಲಿಪಾಡ್ಯಮಿ. ಆಂಟಿ ತಂಗಿಯ ಮನೆಯಲ್ಲಿ ಒಂದು ಸಾವಾಗಿ ಮಂಡ್ಯಕ್ಕೆ ಹೊರಡಬೇಕಾಯಿತು. ಚುಕ್ಕಿ ಇರುವುದೇ ಅವರ ಸೆರಗಿನ ಹಿಂದೆ. ಹೈದರಾಬಾದಿನಲ್ಲಿರುವ ಮಗಳು ವಿಡಿಯೋ ಕಾಲ್‌ನಲ್ಲಿ ಒಂದು ಉಪಾಯ ಹೇಳಿದಳು: ‘ಅಮ್ಮ, ನಿನ್ನ ದನಿ ರೆಕಾರ್ಡ್ ಮಾಡಿಟ್ಟು ಹೋಗು. ಪಟಾಕಿ ಜಾಸ್ತಿ ಆದಾಗ ಅಪ್ಪ ಹಾಕ್ಲಿ.’ ಆಂಟಿ ಮಾಡಿಯೂ ಬಿಟ್ಟರು. ನಾಲ್ಕು ನಿಮಿಷ, ‘ಏನಿಲ್ಲ ಚುಕ್ಕಿ, ಏನಿಲ್ಲ ನನ್ನವ್ವ, ಮಲ್ಕೋ’. ಮೇಷ್ಟ್ರು ಮಾತ್ರ ಹಾಕುವುದಿಲ್ಲ ಎಂದರು. ‘ಇಲ್ಲದೋಳನ್ನ ಇದ್ದಾಳೆ ಅಂತ ತೋರಿಸೋದು ಬೇಡ ಕಣಮ್ಮ’ ಎಂದು ನನ್ನ ಕಡೆ ತಿರುಗಿದರು. ಮಗಳ ವಾದವೂ ಹುರುಳಿಲ್ಲದ್ದಲ್ಲ. ನಾಯಿಗೆ ಸುಳ್ಳು ಹೇಳುವುದು ಹೇಗೆ ಸಾಧ್ಯ? ಧ್ವನಿಮುದ್ರಿಕೆ ಯಾವ ವಾಕ್ಯವನ್ನೂ ಅದಕ್ಕೆ ಹೇಳುತ್ತಿಲ್ಲ. ಅದು ನಿದ್ದೆ ಮಾಡಿದರೆ ಹೊಲಿಗೆ ಬೇಗ ಮಾಯುತ್ತದೆ. ನಷ್ಟ ಯಾರಿಗೆ?

ನನಗೆ ನೆನಪಾದದ್ದು ಎಚ್‌ಎಂವಿ ರೆಕಾರ್ಡಿನ ಮೇಲಿನ ನಾಯಿ. ನಮ್ಮ ಹಿಂದಿನ ತಲೆಮಾರಿನವರು ಆ ಚಿತ್ರವನ್ನು ದೇವರ ಪಟದಷ್ಟೇ ಸಲ ನೋಡಿರುತ್ತಾರೆ. ನಾಯಿಯ ಹೆಸರು ನಿಪ್ಪರ್. ಅದು ಸತ್ತದ್ದು 1895ರಲ್ಲಿ. ಚಿತ್ರ ಬರೆದ ಫ್ರಾನ್ಸಿಸ್ ಬರ‍್ರಾಡ್ ಮೊದಲು ಅದರ ಮುಂದೆ ಸಿಲಿಂಡರ್ ಫೋನೋಗ್ರಾಫ್ ಬರೆದಿದ್ದ. 1899ರಲ್ಲಿ ಗ್ರಾಮಫೋನ್ ಕಂಪನಿ ಕೊಳ್ಳುವಾಗ ಅದನ್ನು ಅಳಿಸಿ ಅವರ ಯಂತ್ರವನ್ನು ಬರೆದುಕೊಟ್ಟ. ನಿಪ್ಪರ್ ಮೊದಲು ಇದ್ದದ್ದು ಬರ‍್ರಾಡನ ತೀರಿಹೋದ ಅಣ್ಣನ ಬಳಿ, ಹಾಗಾಗಿ ಕಹಳೆಯಿಂದ ಬರುತ್ತಿರುವುದು ಸತ್ತ ಒಡೆಯನ ದನಿ ಎಂದು ಕತೆ ಹೇಳುತ್ತಾರೆ. ಕತೆ ಹೇಗೂ ಇರಲಿ, ಚಿತ್ರದಲ್ಲಿ ಆ ನಾಯಿಯ ಕತ್ತು ಓರೆಯಾಗಿದೆ. ಕಂಪನಿಗೆ ಅದು ತನ್ನ ಯಂತ್ರದ ನಿಖರತೆಯ ಜಾಹೀರಾತಾಗಿ ಕಂಡಿತು. ನನಗೆ ಅಲ್ಲಿ ಕಾಣುವುದು ನೆಮ್ಮದಿಯಲ್ಲ, ಹುಡುಕಾಟ. ಪ್ರೀತಿಯವರ ದನಿ ನಾಯಿಗೆ ಮಾಹಿತಿಯಲ್ಲ, ಆಗಮನ. ಆ ದನಿ ಬಂದರೆ ಹಿಂದೆಯೇ ಒಂದು ಕೈ ಬರಬೇಕು.

ಕೈ ಬರದಿದ್ದರೆ ಏನಾಗುತ್ತದೆ ಎಂದು ಹೇಳಲು ಪಾವ್ಲೋವ್ ಇದ್ದಾನೆ. ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಅವು ಚೇತರಿಸಿಕೊಂಡ ಮೇಲೆ ಪ್ರಯೋಗಕ್ಕೆ ಬಳಸುತ್ತಿದ್ದವನು ಅವನು. 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕುರಿತ ಕೆಲಸಕ್ಕೆ, ಆದರೆ ಜನ ನೆನಪಿಟ್ಟುಕೊಂಡದ್ದು ಸದ್ದಿಗೆ ಜೊಲ್ಲು ಸುರಿಸಿದ ನಾಯಿಗಳನ್ನು. ಮೆಟ್ರೊನೋಮಿನ ಟಿಕ್ ಟಿಕ್ ಕೇಳಿಸಿ ಊಟ ಕೊಡುತ್ತ ಹೋದರೆ ಸದ್ದಿಗೇ ಬಾಯಲ್ಲಿ ನೀರು. ಅದೇ ಸದ್ದನ್ನು ಊಟವಿಲ್ಲದೆ ಮತ್ತೆ ಮತ್ತೆ ಕೇಳಿಸಿದರೆ ನೀರು ನಿಲ್ಲುತ್ತದೆ. ಸದ್ದು ಬರಡಾಗುತ್ತದೆ. ಎಷ್ಟೇ ಇಂಪಾದ ಹಾಡನ್ನೂ ಪ್ರತಿಸಲ ಇಂಜೆಕ್ಷನ್ ಚುಚ್ಚುವ ಮೊದಲು ಹಾಕಿದರೆ ಅದು ಸೂಜಿಯ ಮುನ್ಸೂಚನೆಯಾಗುವುದೂ ಇದೇ ನಿಯಮದಿಂದಲೇ.

ಆಂಟಿಯ ‘ಏನಿಲ್ಲ ಚುಕ್ಕಿ’ಗೆ ಇರುವ ಬಲ ಒಂಬತ್ತು ವರ್ಷಗಳಲ್ಲಿ ಕೂಡಿಟ್ಟದ್ದು. ಪ್ರತಿಸಲ ಆ ಮಾತಿನ ಹಿಂದೆ ಬೆನ್ನಿನ ಮೇಲೊಂದು ಕೈ, ತಟ್ಟೆಯಲ್ಲೊಂದು ಮುದ್ದೆಯ ತುಣುಕು, ಕನಿಷ್ಠ ಸೀರೆಯ ವಾಸನೆ ಇತ್ತು. ಬರೀ ದನಿಯನ್ನು ಸ್ಪೀಕರಿನಿಂದ ಹೊರಡಿಸುವುದೆಂದರೆ ಆ ಗಂಟನ್ನು ಕರಗಿಸುವುದು. ನಾಯಿಗೆ ಭವಿಷ್ಯತ್ಕಾಲವಿಲ್ಲ ಎಂದು ಮೊದಲೇ ಹೇಳಿದೆ, ಆದರೆ ಇಂಥ ದನಿ ಅದಕ್ಕಿರುವ ಒಂದೇ ಒಂದು ಭವಿಷ್ಯದಂಥದ್ದು: ಇದು ಕೇಳಿದರೆ ಅದು ಬರುತ್ತದೆ. ಯಾರ‍್ಯಾರದೋ ದನಿಯ ಪುಸ್ತಕವಾಚನವನ್ನು ಹಾಕುವುದರಲ್ಲಿ ನನಗೆ ತಕರಾರಿಲ್ಲ, ಅದು ಯಾರನ್ನೂ ಕರೆತರುವ ಭರವಸೆ ಕೊಡುವುದಿಲ್ಲ, ಮಳೆಯ ಸದ್ದಿನಂತೆ ಕೋಣೆಯನ್ನು ತುಂಬಿರುತ್ತದೆ. ಒಡತಿಯ ದನಿ ಹಾಗಲ್ಲ. ಆ ರಾತ್ರಿ ಅದು ಕೆಲಸ ಮಾಡುತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ನಾನು ಮೇಷ್ಟ್ರ ಪಕ್ಷವೇ. ವಾಕ್ಯ ಸುಳ್ಳಾಗದಿದ್ದರೂ ನಂಬಿಕೆ ಸುಳ್ಳಾಗಬಹುದು, ಮತ್ತು ಮಾತು ಬಾರದ ಪ್ರಾಣಿಯ ಜೊತೆ ನಮಗಿರುವುದು ನಂಬಿಕೆಯೊಂದೇ.

ಮೇಷ್ಟ್ರು ಆ ಸಂಜೆ ಚಾಪೆ ಹಾಸಿಕೊಂಡು ಚುಕ್ಕಿಯ ಪಕ್ಕ ಕೂತು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದರು. ಸಂಪಾದಕೀಯ, ಅಡಿಕೆ ಧಾರಣೆ, ಶ್ರದ್ಧಾಂಜಲಿ, ಯಾವುದನ್ನೂ ಬಿಡಲಿಲ್ಲ. ಮೂವತ್ತೈದು ವರ್ಷ ಪಾಠ ಮಾಡಿದ ಗಂಟಲು, ಏರಿಳಿತ ಕಡಿಮೆ. ಆಟಂ ಬಾಂಬ್ ಸಿಡಿದಾಗ ಚುಕ್ಕಿ ಬೆಚ್ಚಿ ತಲೆಯೆತ್ತುತ್ತಿತ್ತು. ಅವರು ಓದು ನಿಲ್ಲಿಸದೆ ಎಡಗೈಯನ್ನು ಅದರ ಬೆನ್ನಿನ ಮೇಲಿಡುತ್ತಿದ್ದರು. ಅದು ಪೂರ್ತಿ ನಿದ್ದೆ ಮಾಡಿತೆಂದು ಹೇಳಲಾರೆ. ನಡುಗುವುದು ನಿಂತಿತ್ತು, ಕೋನಿನ ಅಂಚನ್ನು ಅವರ ಮೊಣಕಾಲಿಗೆ ಆನಿಸಿತ್ತು. ನೋವಿನ ಹಾಳೆ ಇದ್ದಿದ್ದರೆ ಆ ಮೌನಕ್ಕೆ ನಾನು ಯಾವ ಅಂಚಿಕೆಯೂ ಇಲ್ಲದೆ ಸೊನ್ನೆ ಬರೆಯುತ್ತಿದ್ದೆ.

ಮನೆಯ ನಾಯಿಯ ವಿಷಯ ಇಷ್ಟಾಯಿತು. ಚುಕ್ಕಿಯದು ಜೀವ ಉಳಿಸಲು ಮಾಡಿದ ಶಸ್ತ್ರಚಿಕಿತ್ಸೆ. ಹೆಚ್ಚುಕಡಿಮೆ ಅದೇ ಶಸ್ತ್ರಚಿಕಿತ್ಸೆ ನಮ್ಮ ಊರುಗಳ ಬೀದಿ ನಾಯಿಗಳಿಗೂ ನಡೆಯುತ್ತದೆ. 2001ರಿಂದ ಇರುವ, 2023ರಲ್ಲಿ ಹೊಸದಾಗಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಹಿಡಿದು, ಸಂತಾನಹರಣ ಮಾಡಿ, ಚುಚ್ಚುಮದ್ದು ಕೊಟ್ಟು, ಗುರುತಿಗೆ ಕಿವಿಯ ಅಂಚು ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಅದರ ಅಗತ್ಯವನ್ನು ನಾನು ಒಪ್ಪುತ್ತೇನೆ. ಆದರೆ ಇಲ್ಲಿ ಕೊಯ್ಯುವುದು ಹೆಚ್ಚಿನ ಮಟ್ಟಿಗೆ ನಮ್ಮ ಅನುಕೂಲಕ್ಕೆ, ಹಾಗಾಗಿ ನಮ್ಮ ಮೇಲಿನ ಋಣ ಮೇಷ್ಟ್ರಿಗೆ ಚುಕ್ಕಿಯ ಮೇಲಿದ್ದದ್ದಕ್ಕಿಂತ ದೊಡ್ಡದು. ಆ ನಾಯಿ ಚೇತರಿಸಿಕೊಳ್ಳುವ ದಿನಗಳಲ್ಲಿ ಕೇಳಿಸಿಕೊಳ್ಳುವುದು ಮುಖ್ಯವಾಗಿ ಉಳಿದ ನಾಯಿಗಳ ಬೊಗಳಾಟವನ್ನು. ಸಾಲುಗೂಡುಗಳಲ್ಲಿ ಆ ಸದ್ದು 100 ಡೆಸಿಬಲ್ ದಾಟುವುದನ್ನು ಅಳೆದು ದಾಖಲಿಸಿದ್ದಾರೆ. ಅದರ ಬೆನ್ನಿಗೆ ‘ಏನಿಲ್ಲ’ ಎಂದ ದನಿ ಯಾವುದೂ ಇಲ್ಲ, ಹಾಗಾಗಿ ರೆಕಾರ್ಡ್ ಮಾಡುವ ಪ್ರಶ್ನೆಯೂ ಏಳುವುದಿಲ್ಲ. ಅಲ್ಲಿ ಬೇಕಾಗಿರುವುದು ನೀಲಾಂಬರಿಯಲ್ಲ. ಹೊಸದಾಗಿ ಹೊಲಿಗೆ ಬಿದ್ದವನ್ನು ಬೊಗಳುವ ಗುಂಪಿನಿಂದ ದೂರದ ಗೂಡಿಗೆ ಹಾಕಬೇಕು, ಗೂಡಿನ ಮುಂದೆ ಒಂದು ಗೋಣಿತಟ್ಟು ಇಳಿಬಿಡಬೇಕು, ಕಬ್ಬಿಣದ ಬಾಗಿಲನ್ನು ಧಡಾರನೆ ಎಳೆಯದೆ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಬೇಕು.